ಕರೆಯಬಾರದ ದೊಡ್ಡಮ್ಮ

ನಮ್ಮ ದೇಶ ಬಿಟ್ಟು ಮಿಷನ್ ಕೆಲಸಕ್ಕೆಂದು ಆ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಯಜಮಾನರು ಮಿಷನ್ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದರು. ನಾನು ಪಕ್ಕದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಇಸ್ತ್ರಿ ಅಂಗಡಿ. ಅದನ್ನು ನಡೆಸುತ್ತಿದ್ದ ಹೆಂಗಸು ಆ ಊರಿನವರೇ, ಬೇರೆ ಧರ್ಮದವರು. ನನ್ನ ಐದು ವರ್ಷದ ಮಗಳಿಗೆ ಮಾತ್ರ ಅವರು ದೊಡ್ಡಮ್ಮ. ಆ ಬೀದಿಯಲ್ಲಿ ಹಾಗೆ ಕರೆಯುವವಳು ಅವಳೊಬ್ಬಳೇ.

ಗಲಭೆ ಎದ್ದ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದೆವು, ಮಗಳು ಮನೆಯ ಕಡೆ ಉಳಿದಿದ್ದಳು. ನಮ್ಮ ಪ್ರಾರ್ಥನಾಮಂದಿರಕ್ಕೆ ಬೆಂಕಿ ಇಟ್ಟಿದ್ದರು. ಗಾಯಗೊಂಡವರು ಬರುತ್ತಲೇ ಇದ್ದರು, ಗೇಟಿನ ಹೊರಗೆ ಗುಂಪು. ಕೈ ಬ್ಯಾಂಡೇಜು ಸುತ್ತುತ್ತಿತ್ತು, ಜೀವವೆಲ್ಲ ಮಗಳ ಹತ್ತಿರ. ಮರುದಿನ ಪೊಲೀಸರ ಜೊತೆ ಓಡಿಬಂದರೆ ನಮ್ಮ ಮನೆಯ ಬಾಗಿಲು ಮುರಿದಿತ್ತು. ಮಗಳು ಪಕ್ಕದಲ್ಲಿ ಇಸ್ತ್ರಿ ಮೇಜಿನ ಮೇಲೆ ಕುಳಿತಿದ್ದಳು, ಕೂದಲು ಕತ್ತರಿಸಿಕೊಂಡು, ಯಾವುದೋ ಹುಡುಗನ ಅಂಗಿ ತೊಟ್ಟು.

"ಅಮ್ಮಾ, ದೊಡ್ಡಮ್ಮ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋಕೇ ಬಿಡ್ಲಿಲ್ಲ! ಕಣ್ಣು ಮುಚ್ಚಿದ ತಕ್ಷಣ ಬಾಯಿಗೆ ತುತ್ತು ತುರುಕಿಬಿಟ್ರು!"

"ಇನ್ನೇನು ಮಾಡ್ಲಿ? ಬಾಗಿಲಲ್ಲಿ ದೊಣ್ಣೆ ಹಿಡ್ಕೊಂಡು ನಿಂತಿದ್ರು. ಇವನು ನನ್ನ ಮೊಮ್ಮಗ ಅಂತ ಹೇಳಿ ಬಾಯಿ ಮುಚ್ಚಿಲ್ಲ, ಈ ಮಹಾರಾಯ್ತಿ ಕೈ ಜೋಡಿಸಿಬಿಟ್ಲು. ನಿಮ್ಮ ದೇವರ ಹತ್ರ ನೀನೇ ಏನಾದ್ರೂ ಹೇಳಿ ಸರಿಮಾಡ್ಕೋ ತಾಯಿ," ಎಂದರು ಅವರು.

ನಗಲು ಹೋದ ನಾನು ಅವರ ಕಾಲ ಬಳಿಯೇ ಕುಸಿದೆ.

ಆಮೇಲೆ ನಾವು ಆಸ್ಪತ್ರೆಯ ಆವರಣದಲ್ಲೇ ಎರಡು ಕೋಣೆಗೆ ಬಂದೆವು. ಊರು ತಣ್ಣಗಾದಂತೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ದೊಡ್ಡಮ್ಮ ಹಿಂಬಾಗಿಲಿನಿಂದ ಬಂದರು. ಕೂರಿ ಎಂದರೂ ಕೂರಲಿಲ್ಲ.

"ತಂಗೀ, ತಪ್ಪು ತಿಳ್ಕೋಬೇಡ. ಮಗು ಬೀದೀಲಿ ನನ್ನ ಕಂಡ್ರೆ ದೊಡ್ಡಮ್ಮಾ ಅಂತ ಕೂಗ್ತಾಳಲ್ಲ, ಅದು ಬೇಡ. ನಿಮ್ಮವರನ್ನ ಯಾರು ಬಚ್ಚಿಟ್ಟಿದ್ರು ಅಂತ ಆ ಜನ ವಿಚಾರಿಸ್ತಾ ತಿರುಗ್ತಿದ್ದಾರೆ. ನನ್ನ ಮಗ, ಸೊಸೆ ಇಲ್ಲೇ ಬಾಳ್ಬೇಕು."

"ಹೇಳ್ತೀನಿ ಅಕ್ಕಾ."

"ಬೈದು ಹೇಳ್ಬೇಡ. ನಾನು ಬೇಡ ಅಂದೆ ಅಂತ್ಲೂ ಹೇಳ್ಬೇಡ. ಬೇಜಾರು ಮಾಡ್ಕೊಂಡಾಳು."

ಕಂಡವರನ್ನೆಲ್ಲ ನಗುನಗುತ್ತಾ ಮಾತಾಡಿಸಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಎರಡು ದಿನ ಮುಂದೂಡಿದೆ. ಕೊನೆಗೆ ತರಕಾರಿ ಹೆಚ್ಚುತ್ತಾ ಹೇಳಿದೆ: "ಬೀದೀಲಿ ನೀನು ಮಾತಾಡಿಸಿದ್ರೆ ಆ ಜನ ದೊಡ್ಡಮ್ಮಂಗೆ ಹೊಡೀತಾರೆ ಪುಟ್ಟೀ."

"ಕೈ ಬೀಸ್ಬಹುದಾ?"

"ಬೇಡ."

"ಸುಮ್ನೆ ನಗ್ಬಹುದಾ?"

ಚಾಕು ಕೆಳಗಿಟ್ಟೆ. "ಅದೂ ಬೇಡ ಚಿನ್ನಾ."

ಮುಂದಿನ ವಾರ ಮಾರುಕಟ್ಟೆಯ ಬೀದಿಯಲ್ಲಿ ಅವರು ಎದುರಿಗೇ ಬಂದರು, ಬಗಲಲ್ಲಿ ಬಟ್ಟೆಯ ಗಂಟು. ನಾನು ಪಾತ್ರೆ ಅಂಗಡಿಯ ಕಡೆ ಮುಖ ತಿರುಗಿಸಿದೆ. ಮಗಳು ತುಟಿ ಬಿಗಿಹಿಡಿದು, ನೇರ ಮುಂದಕ್ಕೇ ನೋಡುತ್ತಾ ನಡೆದಳು. ತಡೆಯಲಾಗದೆ ನಿಂತವರು ಅವರೇ. ಗಂಟು ಸರಿಮಾಡಿಕೊಳ್ಳುವ ನೆಪದಲ್ಲಿ ಮಗುವಿನ ಮುಖವನ್ನೇ ನೋಡುತ್ತಾ ನಿಂತರು. ಅವಳು ಯಾರೋ ದಾರಿಹೋಕರನ್ನು ದಾಟುವಂತೆ ದಾಟಿಬಿಟ್ಟಳು.

ತಿರುವು ಕಳೆದ ಮೇಲೆ ನನ್ನ ಸೆರಗು ಜಗ್ಗಿದಳು. "ಸರಿಯಾಗಿ ಮಾಡಿದ್ನಾ ಅಮ್ಮಾ?"

"ಹೂಂ, ತುಂಬಾ ಸರಿಯಾಗಿ ಮಾಡ್ದೆ," ಎಂದೆ.

ಹೊಗಳಿದ್ದಕ್ಕೆ ಅವಳ ಮುಖ ಅರಳಿತು.