ಹನ್ನೆರಡನೇ ಮೆಂಬರ್

ಕಾರ್ಖಾನೆಯ ಸೈರನ್ನಿಗೆ ದಾಂಡೇಲಿಯಲ್ಲಿ ಭೋಂಗಾ ಅನ್ನುತ್ತಾರೆ. ಇಶ್ರತ್ ತನ್ನ ರಾಜಕೀಯ ಬ್ಲಾಗಿಗೂ ಅದೇ ಹೆಸರಿಟ್ಟಿದ್ದಳು. ಬೆಳಿಗ್ಗೆ ಏಳಕ್ಕೆ ಅದು ಕೂಗಬೇಕು, ಇದು ಸುತ್ತಲಿನ ನಾಲ್ಕು ತಾಲೂಕಿನ ಮೊಬೈಲುಗಳಿಗೆ ಬೀಳಬೇಕು. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಪಕ್ಷವಿಲ್ಲ, ಮಾಲೀಕನಿಲ್ಲ, ಅಪ್ಪ ದಿಲಾವರನ ಗ್ಯಾರೇಜಿನ ಮೂಲೆಯ ಎಣ್ಣೆ ಮೇಜೇ ಕಚೇರಿ. ಮತದ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಆ ಹಮ್ಮಿನಲ್ಲೇ ಸೋಮವಾರ ಬರೆದುಬಿಟ್ಟಳು: ‘ಇಂದು ನೀಲಕ್ಕ ಪುರಸಭೆ ಅಧ್ಯಕ್ಷೆ. ಇಪ್ಪತ್ಮೂರರಲ್ಲಿ ಹನ್ನೆರಡು ಮತ. ತಪ್ಪಿದರೆ ಭೋಂಗಾ ಇವತ್ತೇ ಬಂದ್.’

ಯಾವೂರಿನ ಪುರಸಭೆ ಎಂದು ಕೇಳಬೇಡಿ. ನನಗೆ ಕೋರ್ಟು ಅಲೆಯುವ ಚಟವಿಲ್ಲ. ಎದುರು ಪಾಳಯದ ದ್ಯಾಮಪ್ಪ ಎಳೆದುಕೊಂಡಾನೆಂದು ನೀಲಕ್ಕ ತನ್ನ ಕಡೆಯ ಮೆಂಬರುಗಳನ್ನೆಲ್ಲ ಜೋಯಿಡಾ ಕಾಡಿನ ರಿಸಾರ್ಟಿಗೆ ಸಾಗಿಸಿ, ತಾನೂ ಅಲ್ಲೇ ಉಳಿದು, ಮೊಬೈಲು ಕಿತ್ತಿಟ್ಟುಕೊಂಡಿದ್ದಳು. ಅಲ್ಲಿ ರೊಟ್ಟಿ ಬಡಿಯುವ ಮಾಲವ್ವನ ಮೊಬೈಲು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

“ಹನ್ನೆರಡು ತಾಟು ಬೇ ಇಶ್ರತ್,” ಎಂದು ಅವಳು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದಳು. “ಮಲಕಪ್ಪ ಮೆಂಬರ್ರು ಒಬ್ರಽ ಎಂಟು ರೊಟ್ಟಿ ಹೊಡೀತಾರ. ನನ್ನ ರಟ್ಟಿ ಬಿದ್ದ ಹೋದ್ವು!”

ಬರಹ ಹೊರಬಿದ್ದು ಹತ್ತು ನಿಮಿಷವಾಗಿರಲಿಲ್ಲ, ಕೆಳಗೊಂದು ಕಮೆಂಟು ಬಂತು: ‘ಮೆಂಬರ್ ನಾನು. ಮನ್ಯಾಗ ಅದೇನಿ. ರಿಸಾರ್ಟಿಗೆ ಹೋದವ್ರು ನಮ್ಮ ಮನಿಯವ್ರು. ಅನ್ನಪೂರ್ಣಾ.’

ಇಶ್ರತ್ ಅದನ್ನು ಎರಡೆರಡು ಸಲ ಓದಿದಳು. ಗೆದ್ದವಳು ಹೆಂಡತಿ, ಮೆರೆಯುವವನು ಗಂಡ, ಊರೆಲ್ಲ ಅವನನ್ನೇ ಮೆಂಬರ್ ಅನ್ನುವುದು. ಈ ರೂಢಿಯನ್ನು ಬೈದು ಅವಳೇ ನಲವತ್ತು ಸಲ ಬರೆದಿದ್ದಳು! ನೀಲಕ್ಕನೂ ಅನ್ನಪೂರ್ಣಾಳ ಬದಲು ಅವಳ ಗಂಡ ಮಲಕಪ್ಪನನ್ನೇ ಬಚ್ಚಿಟ್ಟಿದ್ದಳು, ಇವಳೂ ಅವನನ್ನೇ ಎಣಿಸಿದ್ದಳು. ನಗು ಉಕ್ಕಿ ಬಂತು, ಅದರ ಬೆನ್ನಿಗೇ ಅಳು. ಸ್ಕೂಟರ್ ಹತ್ತಿ ಅನ್ನಪೂರ್ಣಾಳ ಮನೆಗೆ ಹೊರಟಳು.

ಅನ್ನಪೂರ್ಣಾ ಒಲೆಯ ಮುಂದೆ ಉಪ್ಪಿಟ್ಟು ಕೈಯಾಡಿಸುತ್ತಿದ್ದಳು. “ಬರ್ರಿ, ಉಪ್ಪಿಟ್ಟು ತಿನ್ರಿ,” ಎಂದು ತಾಟಿಗೆ ಹಾಕಿ ಕೊಟ್ಟಳು.

“ಅಕ್ಕಾರ, ವೋಟು ಯಾರಿಗೆ ಹಾಕ್ತೀರಿ?”

“ಮನಿಯವ್ರು ಹೇಳಿಲ್ಲ, ಅವ್ರ ಫೋನ್ ಹತ್ತವಲ್ದು. ನೀವಽ ಹೇಳ್ರಿ. ನಿಮ್ಮ ಲೆಕ್ಕಾನರ ಸರಿ ಆಗ್ಲಿ.”

ನೀಲಕ್ಕ ಅಂದರೆ ಸಾಕು, ಒಂಬತ್ತು ವರ್ಷದ ಬಾಳು ಉಳಿಯುತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂದೂ ಬಂತು. ಇಶ್ರತ್ ಅದನ್ನು ಬಿಸಿ ಉಪ್ಪಿಟ್ಟಿನ ಜೊತೆ ನುಂಗಿದಳು.

“ಅದನ್ನ ನಾ ಹೇಳಬಾರ್ದ್ರಿ. ನಿಮಗ ಏನ್ ಬೇಕು?”

ಅನ್ನಪೂರ್ಣಾ ಒಲೆ ಆರಿಸಿ, ಸೌಟು ಕೆಳಗಿಟ್ಟಳು. “ನಾನಽ ನಿಂತ್ರ?”

ಮುಂದಿನದೆಲ್ಲ ಗಡಿಬಿಡಿಯಲ್ಲೇ ಆಯಿತು. ಹನ್ನೊಂದೇ ಮತವಿಟ್ಟುಕೊಂಡು ಮುಖ ಸಣ್ಣಗೆ ಮಾಡಿಕೊಂಡಿದ್ದ ದ್ಯಾಮಪ್ಪ, ನೀಲಕ್ಕ ಸೋತರೆ ಸಾಕೆಂದು ತಾನೇ ಅನ್ನಪೂರ್ಣಾಳ ನಾಮಪತ್ರಕ್ಕೆ ಸೂಚಕನಾದ. ರಿಸಾರ್ಟಿನ ವ್ಯಾನಿನಿಂದ ಇಳಿದವರಲ್ಲಿ ಹನ್ನೊಂದು ಮಂದಿ ಒಳಗೆ ಹೋದರು. ಮಲಕಪ್ಪನನ್ನು ಪೊಲೀಸಪ್ಪ ಬಾಗಿಲಲ್ಲೇ ತಡೆದ: “ಮೆಂಬರ್ ಮಂದಿ ಗಂಡಂದಿರು ಹೊರಗ ಕುಂದ್ರಬೇಕ್ರಿ.” ಕೈ ಎತ್ತಿಸಿ ಎಣಿಸಿದಾಗ ಅನ್ನಪೂರ್ಣಾಳಿಗೆ ಹನ್ನೆರಡು, ನೀಲಕ್ಕನಿಗೆ ಹನ್ನೊಂದು.

ಹೊರಗೆ ಗುಲಾಲು ಹಾರಿತು. ಇಶ್ರತ್ ಗುರುತಿಲ್ಲದ ಹೆಂಗಸರನ್ನೆಲ್ಲ ತಬ್ಬಿಕೊಂಡು ಕುಣಿದಳು. ಕುಣಿದು ಸಾಕಾದ ಮೇಲೆ ನೆನಪಾಯಿತು, ಸೋತವಳು ತಾನೂ ಹೌದು. ಸ್ಕೂಟರ್ ಮೇಲೆ ಕುಳಿತು ಬರೆದಳು: ‘ಲೆಕ್ಕ ತಪ್ಪಿತು. ಕೇಳಬೇಕಾದವರನ್ನೇ ನಾನು ಕೇಳಿರಲಿಲ್ಲ. ಭೋಂಗಾ ಬಂದ್.’ ಒಮ್ಮೆ ಅಳಿಸಿ, ಮತ್ತೆ ಅದನ್ನೇ ಬರೆದು ಕಳಿಸಿದಳು.

ಐದು ನಿಮಿಷಕ್ಕೆ ಫೋನು ಬಂತು. ಹೊಸ ಅಧ್ಯಕ್ಷೆ.

“ಬಂದ್ ಮಾಡಿದ್ರಂತಲ್ಲಾ? ನಾಳೆ ನಾ ತಪ್ಪು ಮಾಡಿದ್ರ ಯಾರು ಬರೀತಾರ್ರಿ?”

ಇಶ್ರತ್ ಕೊಟ್ಟ ಮಾತನ್ನು ಅಲ್ಲೇ ಮುರಿದಳು. ರಾಜಕಾರಣಿಗಳ ನಡುವೆ ಒಂಬತ್ತು ವರ್ಷ ಓಡಾಡಿದವಳಿಗೆ ಅಷ್ಟೂ ಅಂಟಿಕೊಳ್ಳದಿದ್ದರೆ ಹೇಗೆ!

“ನಾಳೆ ಯಾಕ, ಈಗಽ ಕೇಳ್ತೇನ್ರಿ ಅಧ್ಯಕ್ಷರ. ನಿಮ್ಮೂರಾಗ ಎಂಟು ದಿನಕ್ಕೊಮ್ಮೆ ನೀರು ಯಾಕ ಬರ್ತೈತಿ?”

“ಹೌದಲ್ಲಾ! ತಡೀರಿ, ನಮ್ಮ ಮನಿಯವ್ರನ್ನ ಕೇಳಿ…” ಅನ್ನಪೂರ್ಣಾ ತಟ್ಟನೆ ನಿಲ್ಲಿಸಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಲ್ಲ, ಬ್ಯಾಡ,” ಎಂದಳು ಅನ್ನಪೂರ್ಣಾ, ಉಸಿರು ತಿರುಗಿದ ಮೇಲೆ. “ನಾಳೆ ಹತ್ತಕ್ಕ ಬರ್ರಿ. ನಾನಽ ನೋಡಿ ಹೇಳ್ತೇನಿ.”