ಫಲಕದ ಹಿಂಬದಿ

ಕಡಲ ನೀರಿನ ಕ್ರಿಮಿಗಳು ಬೆಳೆದು ಗಾಜಿನ ತಟ್ಟೆಯ ಮೇಲೆ ಮೂಡಿದ ನೀಲಿ ಚುಕ್ಕೆಗಳನ್ನು ಸೊಸೆ ಮೂರನೆಯ ಸಲ ಎಣಿಸುತ್ತಿದ್ದಳು. ಭೂತಗನ್ನಡಿ ಹಿಡಿದು ಎಷ್ಟು ಹುಡುಕಿದರೂ ಹನ್ನೊಂದೇ. ಎರಡು ವರ್ಷದ ಹಿಂದೆ, ಇದೇ ಪ್ರಯೋಗಾಲಯದ ಇದೇ ಮೇಜಿನ ಮೇಲೆ, ಚುಕ್ಕೆಗಳು ಸಾಸಿವೆ ಚೆಲ್ಲಿದ ಹಾಗೆ ಎಣಿಕೆಗೆ ಸಿಗದಷ್ಟಿದ್ದವು. ಒಡೆದ ಒಳಚರಂಡಿ ಕೊಳವೆಯೊಂದರ ಕೊಳಚೆ ಆಗ ಕಡಲಿಗೆ ಸೇರುತ್ತಿತ್ತು. ಅಂದು ವರದಿಗೆ ಸಹಿ ಹಾಕಿದವಳೂ ಇವಳೇ. ಆ ಸಹಿಯಿಂದ ತೀರದಲ್ಲೊಂದು ಫಲಕ ಎದ್ದು ನಿಂತಿತು: ‘ಇಲ್ಲಿ ಸ್ನಾನ ಮಾಡಬಾರದು.’ ಈಗ ಕೊಳವೆ ದುರಸ್ತಿಯಾಗಿತ್ತು. ವಾರಕ್ಕೊಂದರಂತೆ ಐದು ಸಲ ನೀರು ಚೊಕ್ಕಟ ಬಂದರೆ ನಿಷೇಧ ತೆಗೆಯಬಹುದೆಂದು ನಿಯಮ. ಇದು ಐದನೆಯದು.

ಕೈಗವಸು ಕಳಚಿ ಮನೆಗೆ ಫೋನು ಮಾಡಿದಳು.

“ಅತ್ತೆ, ಹನ್ನೊಂದು.”

“ಪಾಸೋ ಫೇಲೋ, ಅದು ಹೇಳು.”

“ಪಾಸು. ಫಸ್ಟ್ ಕ್ಲಾಸು.”

“ಹಾಗಾದ್ರೆ ಬೋರ್ಡು ಬದಲಾಯ್ತಾ?”

“ಇನ್ನೂ ಇಲ್ಲ…”

“ಬದಲಾದ ಮೇಲೆ ಹೇಳಮ್ಮ,” ಎಂದು ಅತ್ತೆ ಫೋನು ಇಟ್ಟರು.

ಅತ್ತೆ ನಲವತ್ತು ವರ್ಷ ಒಂದನೇ ತರಗತಿಗೆ ಪಾಠ ಹೇಳಿದವರು. ದಿನಾ ಬೆಳಿಗ್ಗೆ ಕಡಲಲ್ಲಿ ಮುಳುಗಿ ಎದ್ದು, ನೀರೊಳಗೇ ಕಣ್ಣುಮುಚ್ಚಿ ಎರಡು ನಿಮಿಷ ಕೈಮುಗಿಯುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲಂತೂ ಕಡಲೇ ಅವರ ಆಸರೆ. “ನೆಲದ ಮೇಲೆ ನಾನು ಮೂರು ಮೂಟೆ, ನೀರಲ್ಲಿ ಒಂದು ಹೂವು,” ಎನ್ನುತ್ತಿದ್ದರು. ಫಲಕ ಬಂದ ಮೇಲೂ ಕೆಲವರು ಕದ್ದು ಇಳಿದರು. ಅತ್ತೆ ಇಳಿಯಲಿಲ್ಲ. ಬರೆದದ್ದನ್ನು ಓದಿ, ಓದಿದಂತೆ ನಡೆಯಿರಿ ಎಂದು ಅಷ್ಟು ಮಕ್ಕಳಿಗೆ ಹೇಳಿದ ಬಾಯಿ ಅದು. ಯಾರಾದರೂ ಕೇಳಿದರೆ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಸೊಸೆ ನನಗೆ ಸಮುದ್ರಾನೇ ಬಿಡಿಸಿಬಿಟ್ಟಳು ನೋಡಿ,” ಎಂದು ನಗುತ್ತಿದ್ದರು. ಅದರಲ್ಲಿ ಕಹಿ ಇರಲಿಲ್ಲ. ಆದರೂ ಸೊಸೆಗೆ ಆ ನಗು ಎಲ್ಲೋ ಮುಳ್ಳಿನಂತೆ ಉಳಿದಿತ್ತು.

ನಾಳೆ ಅತ್ತೆ ಆಸ್ಪತ್ರೆಗೆ ಸೇರಬೇಕು. ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಆರು ತಿಂಗಳು ಕಡಲಿನ ಮಾತಿಲ್ಲ. ಎಪ್ಪತ್ತಾರರ ಮೈಗೆ ಆರು ತಿಂಗಳ ಲೆಕ್ಕ ಹೇಳುವವನು ಮೇಲಿನವನೊಬ್ಬನೇ. ಉಳಿದದ್ದು ಇವತ್ತಿನ ಸಂಜೆ.

ಸೊಸೆ ವರದಿ ಹಿಡಿದು ಕೆಳಗಿನ ಮಹಡಿಯ ಪ್ರಚಾರ ವಿಭಾಗಕ್ಕೆ ಇಳಿದಳು. ಗುಮಾಸ್ತರ ಸುತ್ತ ಸೊಂಟದೆತ್ತರ ಕರಪತ್ರಗಳ ಕಟ್ಟು. ಎಲ್ಲದರ ಮೇಲೂ ಅಡ್ಡಗೆರೆ ಎಳೆದ ಈಜುಗಾರನ ಚಿತ್ರ.

“ಮೇಡಂ, ತಪ್ಪು ತಿಳ್ಕೋಬೇಡಿ. ಎಚ್ಚರಿಕೆಗೆ ಅಂತ ದುಡ್ಡಿದೆ. ಬೇಕಾದ್ರೆ ‘ಇಳೀಬೇಡಿ’ ಅಂತ ಇನ್ನೂ ಹತ್ತು ಬೋರ್ಡು ನಾಳೆನೇ ಹಾಕಿಸ್ತೀನಿ. ‘ಇಳೀರಿ’ ಅನ್ನೋಕೆ ಒಂದು ಕಾಸೂ ಇಟ್ಟಿಲ್ಲ. ಕೇಳಿ ಬರೆದ್ರೆ ಮಂಜೂರಾತಿಗೆ ಮೂರು ತಿಂಗಳು.”

“ಯಾಕೆ ಇಟ್ಟಿಲ್ಲ?”

“ನೀರು ಒಂದಿನ ಚೆನ್ನಾಗುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ, ಮೇಡಂ.”

“ಹಾಗಾದ್ರೆ ಇದ್ದದ್ದನ್ನ ಕಿತ್ತು ಹಾಕಿ.”

“ಕೀಳೋ ಹಾಗಿಲ್ಲ. ಸರ್ಕಾರದ ಆಸ್ತಿ.”

ಸೊಸೆ ಕುರ್ಚಿ ಎಳೆದು ಕೂತು, ಅತ್ತೆ ಯಾರೆಂಬುದನ್ನೂ ನಾಳಿನ ಆಸ್ಪತ್ರೆಯ ಸಂಗತಿಯನ್ನೂ ಹೇಳಿದಳು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದವರು ನಿಲ್ಲಿಸಿದರು.

“ಟೀಚರಮ್ಮ ನಿಮ್ಮ ಅತ್ತೇನಾ? ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರು.” ಎದ್ದು ನಿಯಮಗಳ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಪುಟ ಮಗುಚತೊಡಗಿದರು. ಬಹಳ ಹೊತ್ತಿನ ಮೇಲೆ ಅವರ ಮುಖ ಅರಳಿತು. “ಕೀಳಬಾರದು ಅಂತಿದೆ. ಅಳಿಸಬಾರದು ಅಂತಿದೆ. ತಿರುಗಿಸಬಾರದು ಅಂತ ಎಲ್ಲೂ ಇಲ್ಲ. ತಿರುಪು ಬಿಗಿ ಮಾಡೋದು ನಿರ್ವಹಣೆ, ಅದಕ್ಕೆ ಯಾರ ಅಪ್ಪಣೇನೂ ಬೇಡ. ಬಿಗಿ ಮಾಡ್ಬೇಕು ಅಂದ್ರೆ ಮೊದಲು ಸಡಿಲ ಮಾಡ್ಲೇಬೇಕಲ್ಲ? ನಡೀರಿ, ಸ್ಪ್ಯಾನರು ಸ್ಕೂಟರಲ್ಲಿದೆ.”

ಸೊಸೆ ಮತ್ತೆ ಫೋನು ಮಾಡಿ ಕರೆದದ್ದರಿಂದ, ಸಂಜೆ ಐದಕ್ಕೆ ಅತ್ತೆ ಹೆಗಲಿಗೆ ಟವಲು ಹಾಕಿಕೊಂಡು, ಕೋಲೂರಿಕೊಂಡು ತೀರಕ್ಕೆ ಬಂದರು. ಗುಮಾಸ್ತರು ಮರಳಲ್ಲಿ ಮಂಡಿಯೂರಿ ತುಕ್ಕು ಹಿಡಿದ ತಿರುಪಿನೊಂದಿಗೆ ಗುದ್ದಾಡುತ್ತಿದ್ದರು.

“ಏನೋ, ಹಿಂದಿನ ಬೆಂಚಿನವನೇ. ಕೂದಲೆಲ್ಲ ಎಲ್ಲಿ ಹೋಯ್ತೋ?”

“ಸರ್ಕಾರಿ ಕೆಲಸ, ಟೀಚರ್,” ಎಂದರು ಗುಮಾಸ್ತರು, ತಲೆ ಸವರಿಕೊಂಡು.

ಫಲಕ ತಿರುಗಿತು. ಹಿಂಬದಿಯ ತಗಡು ಬೋಳು. ಸೊಸೆ ಮಾದರಿ ಬಾಟಲಿಗಳ ಮೇಲೆ ನಂಬರು ಬರೆಯುವ, ನೀರಿಗೆ ಅಳಿಸದ ದಪ್ಪ ಪೆನ್ನು ತೆಗೆದಳು. ಅತ್ತೆ ಕೈ ಚಾಚಿದರು.

“ನಿನ್ನ ಅಕ್ಷರ ಡಾಕ್ಟರ ಚೀಟಿ ಥರ ಇರುತ್ತೆ. ಕೊಡು ಇಲ್ಲಿ. ಏನಂತ ಬರೀಲಿ?”

“ನೀರಿನ ಗುಣಮಟ್ಟ ತೃಪ್ತಿಕರ ಅಂತ.”

“ಯಾರಿಗೆ ತೃಪ್ತಿ? ಅದೆಲ್ಲ ಬೇಡ. ಲೆಕ್ಕ ಹೇಳು.”

“ನೂರು ಮಿಲಿಲೀಟರಿಗೆ ಹನ್ನೊಂದು. ಇನ್ನೂರೈವತ್ತರವರೆಗೂ ಇರಬಹುದು.”

ಅತ್ತೆ ಕೋಲನ್ನು ಕಂಕುಳಲ್ಲಿ ಅವುಚಿಕೊಂಡು, ಕರಿಹಲಗೆಯ ಮೇಲೆ ಬರೆಯುವಂತೆ ದುಂಡಗೆ ಬರೆದರು: ‘ಇಲ್ಲಿ ಸ್ನಾನ ಮಾಡಬಹುದು. ಒಂದು ಸಣ್ಣ ಲೋಟ ನೀರಿನಲ್ಲಿ ಇನ್ನೂರೈವತ್ತು ಕ್ರಿಮಿ ಇದ್ದರೂ ಭಯವಿಲ್ಲ. ಇವತ್ತು ಇರುವುದು ಹನ್ನೊಂದು.’

“ಈಗ ಸಹಿ ಹಾಕು, ತಾರೀಖು ಹಾಕು. ಹೆಸರಿಲ್ಲದ ಮಾತು ಗಾಳಿಮಾತು.”

ಸೊಸೆ ಸಹಿ ಹಾಕಿದಳು. ಮರಳಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಬಂದು ಓದಿದರು. ಎತ್ತರದ ದನಿಯ ಹೆಂಗಸೊಬ್ಬಳು ಗಂಡನಿಗೆ ಓದಿ ಹೇಳಿದಳು. ಅಷ್ಟಾದರೂ ಯಾರೂ ಇಳಿಯಲಿಲ್ಲ. ಎರಡು ವರ್ಷದ ‘ಬಾರದು’ ಒಂದು ಗಳಿಗೆಯಲ್ಲಿ ಕಾಲಿನಿಂದ ಇಳಿಯುವುದಿಲ್ಲ.

ಅತ್ತೆ ಕೋಲನ್ನು ಗುಮಾಸ್ತರ ಕೈಗಿತ್ತರು. “ಹಿಡ್ಕೊಂಡಿರು. ಸ್ಲೇಟು ಕಳೆದ ಹಾಗೆ ಕಳೀಬೇಡ.” ಸೊಸೆಯ ತೋಳು ಹಿಡಿದು ಹೆಜ್ಜೆಗೊಮ್ಮೆ ನಿಲ್ಲುತ್ತ ನೀರಿಗಿಳಿದರು. ನೀರು ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು, ಸೊಂಟಕ್ಕೇರಿತು. ತೋಳಿನ ಮೇಲಿನ ಭಾರ ಅಲೆಯಿಂದ ಅಲೆಗೆ ಕಡಿಮೆಯಾಗುತ್ತಿರುವುದು ಸೊಸೆಗೆ ತಿಳಿಯುತ್ತಿತ್ತು.

“ಬಿಡು,” ಎಂದರು ಅತ್ತೆ.

“ಅತ್ತೆ, ಅಲೆ ಬರ್ತಿದೆ.”

“ಬರ್ಲಿ ಬಿಡೇ. ಅದನ್ನ ನೋಡೋಕೆ ತಾನೇ ಬಂದಿದ್ದು.”

ಸೊಸೆ ಬಿಟ್ಟಳು. ಅಲೆ ಬಂದು ಇಬ್ಬರನ್ನೂ ಎತ್ತಿ ಇಳಿಸಿ ಹೋಯಿತು. ದಡದಲ್ಲಿ ಎತ್ತರದ ದನಿಯ ಹೆಂಗಸು ಚಪ್ಪಲಿ ಬಿಡುತ್ತಿದ್ದಳು. ಕಚೇರಿಯ ಬಟ್ಟೆಯಲ್ಲೇ ಎದೆಮಟ್ಟ ನೆನೆದ ಸೊಸೆ ಕಣ್ಣಿನ ಉಪ್ಪು ಒರೆಸಿಕೊಂಡು ತಿರುಗಿ ನೋಡಿದಳು. ಅತ್ತೆ ಮಾರುದೂರದಲ್ಲಿ ಅಂಗಾತ ತೇಲುತ್ತಿದ್ದರು. ಕಣ್ಣು ಮುಚ್ಚಿತ್ತು. ನೀರಿನ ಮೇಲೆ ಹತ್ತು ಕಾಲ್ಬೆರಳು, ಇಳಿಬಿಸಿಲಿನ ಕಡೆಗೆ ಮುಖ ಮಾಡಿಕೊಂಡಿದ್ದವು.