ಹದಿಮೂರನೆಯ ಎಲೆಕ್ಟ್ರಾನು

"ಮುಟ್ಟಬೇಡಿ, ಇನ್ನೂ ಬಿಸಿ ಇದೆ," ಎಂದು ಚಿತಾಗಾರದ ನೌಕರ ಹೇಳುವಷ್ಟರಲ್ಲಿ ಸಂಶೋಧನಾ ವಿದ್ಯಾರ್ಥಿನಿ ಚಿಜುರುಳ ಎಡಗೈ ಉಕ್ಕಿನ ತಟ್ಟೆಯ ಅಂಚಿಗೆ ತಗುಲಿಯಾಗಿತ್ತು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಎದುರಿಗೆ ನಿಂತಿದ್ದ ಪ್ರೊಫೆಸರ್ ತೊಕುನಾಗಾ ಅವರ ಎಡಗೈಯೂ ಅದೇ ಅಂಚಿನ ಕಡೆಗೆ ಹೊರಟು ಅರ್ಧದಲ್ಲಿ ನಿಂತಿತ್ತು. ತಟ್ಟೆಯ ಮೇಲೆ ಪ್ರಯೋಗಾಲಯದ ತಂತ್ರಜ್ಞ ನಿಷಿಗಾಕಿಯವರ ಮೂಳೆಗಳು ಬೆಳ್ಳಗೆ ಒಣಗಿ ಬಿದ್ದಿದ್ದವು.

ನಿಷಿಗಾಕಿಯವರ ಹೆಂಡತಿ ಕಿನುಯೊ ಇಬ್ಬರ ಕೈಗಳನ್ನೂ ನೋಡಿ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

"ನೀವೂ ಹೀಗೇನಾ? ಮದುವೆಯಾದ ಹೊಸದರಲ್ಲಿ ನಮ್ಮನೆಯವರು ಮೊದಲು ನಲ್ಲಿ ಮುಟ್ಟಿ, ಆಮೇಲೆ ನನ್ನ ಕೈ ಹಿಡಿಯೋರು. ನಂಗೇನೋ ಅಂಟುರೋಗ ಇದೆ ಅಂದ್ಕೊಂಡಿದ್ದಾರೆ ಅಂತ ಅತ್ತುಬಿಟ್ಟಿದ್ದೆ."

"ನಮ್ಮ ಕಸುಬಿನ ಹಾಳು ಅಭ್ಯಾಸ ಅಮ್ಮಾ," ಎಂದರು ತೊಕುನಾಗಾ. "ಚಳಿಗಾಲ ಬಂದ್ರೆ ಮೈಯೆಲ್ಲ ಕರೆಂಟು, ಲೋಹ ಮುಟ್ಟಿ ಇಳಿಸ್ಕೋಬೇಕು."

ಮೂಳೆ ಆಯುವ ಶಾಸ್ತ್ರ ಪಾದದ ಮೂಳೆಯಿಂದ ಶುರು. ಒಂದು ಮೂಳೆಗೆ ಇಬ್ಬರು. ಚಿಜುರು ಮತ್ತು ತೊಕುನಾಗಾ ಎರಡು ಕಡೆಯಿಂದ ಬಿದಿರುಕಡ್ಡಿಗಳಲ್ಲಿ ಹಿಡಿದು ಎತ್ತಿದರು. ಹಾಗೇ ಕುಂಭದೊಳಗೆ ಇಳಿಸಿದರು. ಚಿಜುರುಳನ್ನು ಕಾಡುತ್ತಿದ್ದದ್ದು ದುಃಖವೊಂದೇ ಅಲ್ಲ. ಬೆಳಿಗ್ಗೆ ಕಾರಿನಲ್ಲಿ ತೊಕುನಾಗಾ ಹೇಳಿದ್ದರು: "ನಿಷಿಗಾಕಿಯವರು ಕೊನೇದಾಗಿ ತಂತಿ ಹಾಕಿದ್ರಲ್ಲ, ಆ ಚಿಪ್‌ನ ಇವತ್ತೇ ಹೊರಗೆ ತೆಗೆದು ಅಮ್ಮನಿಗೆ ಕೊಟ್ಟುಬಿಡೋಣ ಕಣಮ್ಮಾ. ಮೂವತ್ತೆರಡು ವರ್ಷ ದುಡಿದೋರಿಗೆ ಇನ್ನೇನು ಕೊಡೋಕಾಗುತ್ತೆ?"

ಆ ಚಿಪ್ ಎಪ್ಪತ್ತೇಳು ದಿನಗಳಿಂದ ದ್ರವ ಹೀಲಿಯಮ್ಮಿನ ಕೊರೆಯುವ ಚಳಿಯಲ್ಲಿ, ದೊಡ್ಡ ಕಾಂತದ ನಡುವೆ ಕುಳಿತಿತ್ತು. ಅದರಲ್ಲೊಂದು ಕ್ವಾಂಟಮ್ ಚುಕ್ಕೆ. ಎಲೆಕ್ಟ್ರಾನುಗಳು ಅದರೊಳಗೆ ಒಂದೊಂದಾಗಿ ಬಂದು ಕೂರುತ್ತವೆ. ಕಾಂತದ ಬಲ ಏರಿಸಿದಂತೆಲ್ಲ ಕೂತ ಜಾಗ ಬದಲಿಸುತ್ತವೆ. ಆಗ ಕಾಗದದ ಮೇಲೆ ವಿದ್ಯುತ್ತಿನ ಗೆರೆ ಬಾಗುತ್ತದೆ. ಚಿಜುರು ಹನ್ನೆರಡು ಎಲೆಕ್ಟ್ರಾನುಗಳನ್ನು ಹೀಗೆ ನೋಡಿ ಮುಗಿಸಿದ್ದಳು. ಹದಿಮೂರನೆಯದಕ್ಕೆ ಇನ್ನು ಹತ್ತು ದಿನ ಬೇಕಿತ್ತು. ಒಮ್ಮೆ ಬೆಚ್ಚಗಾದರೆ ಆ ಚುಕ್ಕೆ ಮತ್ತೆ ಅದೇ ಚುಕ್ಕೆಯಾಗಿ ಸಿಗುವುದಿಲ್ಲ. ನಾಲ್ಕು ವರ್ಷದ ದುಡಿಮೆ. ಆದರೆ ಸಾವಿನ ದಿನ ಯಾವ ಮುಖ ಇಟ್ಟುಕೊಂಡು ಅದನ್ನು ಹೇಳುವುದು? ಅದೂ ನಿಷಿಗಾಕಿಯವರ ಸಾವಿನ ದಿನ. "ಆಗಲಿ ಮೇಷ್ಟ್ರೇ," ಎಂದಿದ್ದಳು.

*

ಪ್ರಯೋಗಾಲಯದಲ್ಲಿ ಅವಳ ಮೊದಲ ಚಳಿಗಾಲ. ತಾಮ್ರದ ಕೊಳವೆ ಮುಟ್ಟುವುದನ್ನು ಮರೆತು ಚಿಪ್‌ನ ತಂತಿಗೆ ಬೆರಳಿಟ್ಟಳು. ಚಟ್ ಎಂದಿತು. ಹಿರಿಯ ವಿದ್ಯಾರ್ಥಿಯೊಬ್ಬನ ಆರು ತಿಂಗಳ ಚುಕ್ಕೆ ಸತ್ತುಹೋಯಿತು. ಅವಳು ಕೈತೊಳೆಯುವ ತೊಟ್ಟಿಯ ಬಳಿ ನಿಂತು ಅಳುತ್ತಿದ್ದಾಗ ನಿಷಿಗಾಕಿ ಸೂಕ್ಷ್ಮದರ್ಶಕದ ಮುಂದೆ ಕೂತು, ಕೂದಲಿಗಿಂತ ತೆಳುವಾದ ಚಿನ್ನದ ತಂತಿಗಳನ್ನು ಇನ್ನೊಂದು ಚಿಪ್‌ಗೆ ಹಾಕುತ್ತಿದ್ದರು. ಹದಿನೆಂಟು ತಂತಿ. ಒಂದೊಂದಕ್ಕೂ ಉಸಿರು ಬಿಗಿಹಿಡಿಯುತ್ತಿದ್ದರು.

ಆ ಹುಡುಗ ಬಂದು ಕೇಳಿದಾಗ, "ನನ್ನ ಕೈ ಜಾರಿತಪ್ಪಾ," ಎಂದರು.

ಅವನು ಹೋದ ಮೇಲೆ, ತಲೆ ಎತ್ತದೆ: "ಮುಂದಿನ ಸಲ ಮೈಯಲ್ಲಿರೋ ಸಿಡಿಲನ್ನ ಮೊದಲು ಕೊಳವೆಗೆ ಒಪ್ಪಿಸಿ ಬನ್ನಿ, ಚಿಜುರು ಅವರೇ."

*

ಕೊನೆಗೆ ಗಂಟಲಿನ ಮೂಳೆಯನ್ನು ಕಿನುಯೊ ತಾವೇ ಇಟ್ಟರು. ನೌಕರ ಮುಚ್ಚಳ ಹಾಕಿ, ಕುಂಭಕ್ಕೆ ಬಿಳಿ ಬಟ್ಟೆ ಸುತ್ತಿಕೊಟ್ಟ. ಪಡಸಾಲೆಯ ಬೆಂಚಿನ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕೂತ ಕಿನುಯೊ ಮುಂದೆ ತೊಕುನಾಗಾ ತಲೆಬಾಗಿ ನಿಂತು, ಚಿಪ್‌ನ ವಿಷಯ ಹೇಳಿದರು. ಚಿಜುರು ತನ್ನ ಬೂಟುಗಳನ್ನೇ ನೋಡುತ್ತಿದ್ದಳು.

"ಆಸ್ಪತ್ರೆಯಲ್ಲಿ ದಿನಾ ಅದನ್ನೇ ಕೇಳ್ತಿದ್ರಾ ಅವರು?" ಎಂದರು ಕಿನುಯೊ. "'ಇನ್ನೂ ತಣ್ಣಗಿದೆಯಾ' ಅಂತ. ನಾನು ಅವರಿಗೇ ಚಳಿ ಅಂದ್ಕೊಂಡು ಕಂಬಳಿ ಹೊದಿಸ್ತಿದ್ದೆ. ಮೂರು ಕಂಬಳಿ. ಬೆವೆತು ನೀರಾಗ್ತಿದ್ರು, ಬೇಡ ಅಂತ ಒಂದು ಮಾತಾಡಲಿಲ್ಲ." ಆಮೇಲೆ ಚಿಜುರುಳ ಕಡೆ ತಿರುಗಿದರು. "ಈಗ ತಣ್ಣಗಿದೆಯೇನಮ್ಮಾ?"

"ಇದೆ ಅಮ್ಮಾ."

"ತೆಗೆದ್ರೆ?"

ಚಿಜುರು ತೊಕುನಾಗಾ ಅವರತ್ತ ನೋಡಲಿಲ್ಲ. "ತೆಗೆದ್ರೆ ಅದು ಅದಾಗಿರಲ್ಲ."

"ಇರಲಿ, ಅದು ನಿಮಗೇ ಸೇರಬೇಕಾದ್ದು," ಎಂದರು ತೊಕುನಾಗಾ. "ಸಂಜೆ ಒಂದು ಪುಟ್ಟ ಪೆಟ್ಟಿಗೇಲಿ ಇಟ್ಟು ನಾನೇ ತಂದುಕೊಡ್ತೀನಿ."

ಕಿನುಯೊ ಬಿಳಿ ಬಟ್ಟೆಯ ಸಡಿಲವಾಗಿದ್ದ ಗಂಟನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದರು.

"ನಂಗೆ ಬೇಡ," ಎಂದರು.